ಹಸುವಿಗೆ ಹೇಳಿದ ಮಾತು

ನನ್ನ ಮಗಳಿಗೆ ಒಂದಲ್ಲ, ಎರಡು ತೊಂದರೆ ಇದೆ ಎಂದು ಡಾಕ್ಟರು ಹೇಳಿದಾಗ ಅವಳಿಗೆ ನಾಲ್ಕು ವರ್ಷ. ಮೊದಲನೆಯದು ಡೌನ್ ಸಿಂಡ್ರೋಮ್. ಅದನ್ನು ಹುಟ್ಟಿದ ದಿನವೇ, ನರ್ಸಮ್ಮ ಬಾಯಿ ಬಿಡುವ ಮೊದಲೇ, ಅವಳ ಮುಖ ಹೇಳಿತ್ತು. ಆಗ ಬಂದವರೆಲ್ಲ ಒಂದೇ ಸಮಾಧಾನ ಹೇಳಿದರು: ಇಂಥ ಮಕ್ಕಳು ತುಂಬಾ ಪ್ರೀತಿಯವು, ಕಂಡವರನ್ನೆಲ್ಲ ಅಪ್ಪಿಕೊಳ್ಳುತ್ತವೆ. ಆ ಅಪ್ಪುಗೆಗಾಗಿ ನಾನು ನಾಲ್ಕು ವರ್ಷ ಕಾದೆ. ಅವಳು ಯಾರನ್ನೂ ಅಪ್ಪಲಿಲ್ಲ. ಕರು ಕಟ್ಟುವ ಹಳೆಯ ಹಗ್ಗದ ತುಂಡೊಂದನ್ನು ಕಣ್ಣಿನ ಪಕ್ಕ ಹಿಡಿದು ತಿರುಗಿಸುತ್ತಾ ಕೂರುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಮುಟ್ಟಿದರೆ ಕಿರುಚುತ್ತಿದ್ದಳು. ಎರಡನೆಯ ತೊಂದರೆಯ ಹೆಸರು ಆಟಿಸಂ. ಅದನ್ನು ಕೇಳಿದ ಮೇಲೆ ಸಮಾಧಾನ ಹೇಳುವವರು ಬರುವುದು ನಿಂತಿತು. ಅದೊಂದು ಉಪಕಾರವಾಯಿತು.

ನಾವಿದ್ದದ್ದು ಊಟಿ ಬೆಟ್ಟದ ಬುಡದಲ್ಲಿ, ತಮಿಳು ಸೀಮೆಗೆ ಸೇರಿದ ಮಸಿನಗುಡಿಯಲ್ಲಿ. ನನ್ನ ಗಂಡನ ತಾತ ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಅಲ್ಲೇ ನೆಲೆನಿಂತವರು. ಹದಿನೈದು ಹಸು, ಕಾಡಿನ ಅಂಚಿನಲ್ಲಿ ಎರಡು ಎಕರೆ ಹೊಲ. ನಮ್ಮೂರಿನಲ್ಲಿ ಹಾಲಿಗಿಂತ ಸಗಣಿಗೇ ಮರ್ಯಾದೆ. ಒಣಗಿಸಿದ ಗೊಬ್ಬರ ಲಾರಿಗಟ್ಟಲೆ ಟೀ ಎಸ್ಟೇಟು, ಕಾಫಿ ಎಸ್ಟೇಟುಗಳಿಗೆ ಹೋಗುತ್ತಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಗೂಡಲೂರಿನ ವ್ಯಾಪಾರಿ ಬಂದರೆ ಮಲಯಾಳ. ಇದನ್ನು ಯಾರೂ ದೊಡ್ಡ ವಿದ್ಯೆ ಎಂದುಕೊಂಡಿರಲಿಲ್ಲ. ಅತ್ತೆಯೊಬ್ಬರಿಗೆ ಮಾತ್ರ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವರು ಮನೆ, ಕೊಟ್ಟಿಗೆ, ಹೊಲ ಬಿಟ್ಟು ಹೋದದ್ದೇ ಕಡಿಮೆ.

ಊಟಿಯಲ್ಲಿ ಇಂಥ ಮಕ್ಕಳಿಗಾಗಿ ಒಂದು ಸಣ್ಣ ಶಾಲೆ ಇತ್ತು. ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರಬಹುದು. ಆದರೆ ಸೇರಿಸಿಕೊಳ್ಳಬೇಕಾದರೆ ಮಗುವಿಗೆ ಹೇಳಿದ್ದು ಅರ್ಥವಾಗುತ್ತದೆ ಎಂದು ಡಾಕ್ಟರು ಬರೆದುಕೊಡಬೇಕು. ತಿಂಗಳಿಗೊಮ್ಮೆ ಬಯಲುಸೀಮೆಯ ದೊಡ್ಡ ಊರಿನಿಂದ ಒಬ್ಬ ದೊಡ್ಡ ಡಾಕ್ಟರು ಅಲ್ಲಿಗೆ ಬರುತ್ತಿದ್ದರು. ನಾವು ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವು ಹತ್ತಿ ಹೋದೆವು. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ತಿರುಗಿ ಕೂತು, ಮಗುವಿಗೆ ಏನಾಗಿದೆ ಎಂದು ತಮಿಳಿನಲ್ಲಿ ಕೇಳಿದಳು. ನಾನು ಮಗಳ ಮುಖದ ಮೇಲೆ ಶಾಲು ಎಳೆದು, "ಒಣ್ಣುಮಿಲ್ಲೆ," ಏನೂ ಇಲ್ಲ, ಎಂದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಡಾಕ್ಟರು ತಮಿಳಿನಲ್ಲಿ ಬಾ ಎಂದರು, ಕೂತುಕೋ ಎಂದರು, ಕೈ ತೋರಿಸು ಎಂದರು. ಅವಳು ಹಗ್ಗ ತಿರುಗಿಸುತ್ತಿದ್ದಳು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಹೇಳಿದೆವು. ಅವರಿಗೆ ರೋಗದ ಮೂಲವೇ ಸಿಕ್ಕ ಹಾಗಾಯಿತು. ಮೂರು ಭಾಷೆ ಕಿವಿಗೆ ಬಿದ್ದರೆ ಇಂಥ ಮಗುವಿಗೆ ಒಂದೂ ಹತ್ತುವುದಿಲ್ಲ, ಶಾಲೆಯೂ ತಮಿಳು, ಊರೂ ತಮಿಳು, ಮನೆಯಲ್ಲೂ ಅದೊಂದೇ ಇರಲಿ, ಒಂದು ವರ್ಷ ಬಿಟ್ಟು ಬನ್ನಿ ಎಂದರು. ಆಗಲೂ ಅರ್ಥವಾಗದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದೂ ಸೇರಿಸಿದರು. ಶಾಲೆಯ ಅರ್ಜಿಯಲ್ಲಿ ಮಾತೃಭಾಷೆ ಎಂದು ಇದ್ದ ಜಾಗದಲ್ಲಿ ನಾನೇ, ನನ್ನ ಕೈಯಾರೆ, ತಮಿಳು ಎಂದು ಬರೆದೆ.

ಅವತ್ತು ಸಂಜೆ ನನ್ನ ಗಂಡ ತಾಯಿಗೆ ವಿಷಯ ಹೇಳಿದರು.

"ಅವ್ವ, ಇನ್ ಮ್ಯಾಲ ಕೂಸ್ ಮುಂದ ಕನ್ನಡ ಆಡ್ಬ್ಯಾಡ. ಡಾಕ್ಟ್ರು ಹೇಳವ್ರ."

"ನಂಗ ಬರದು ಅದೊಂದೇ ಕನಪ್ಪ."

"ಅದ್ಕೇ ಹೇಳ್ತಿರದು. ಸುಮ್ನ ಇದ್ಬುಡು."

ಅತ್ತೆ ಸುಮ್ಮನಾದರು. ಕೂಸು ಎದುರಿಗೆ ಬಂದರೆ ಸೆರಗು ಬಾಯಿಗೆ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ನನ್ನದೇ. ಒಮ್ಮೆ ಅವರು ಮರೆತು ಮಗಳ ತಲೆ ಬಾಚುತ್ತಾ ಏನೋ ಗುನುಗಿದಾಗ, ನಿಮ್ಮಿಂದಲೇ ಇವಳ ಬದುಕು ಹಾಳಾಗುತ್ತದೆ ಎಂದುಬಿಟ್ಟೆ. ಅವರು ಬಾಚಣಿಗೆ ಕೆಳಗಿಟ್ಟು ಕೊಟ್ಟಿಗೆಗೆ ಹೋದರು. ಆ ಮಾತಿಗೆ ಕ್ಷಮೆಯಿಲ್ಲ ಎಂದು ನನಗೆ ಗೊತ್ತು.

ನನ್ನ ತಮಿಳಾದರೂ ಎಂಥದು? ಸಂತೆಯಲ್ಲಿ ಕಲಿತದ್ದು. ಚೌಕಾಸಿಗೆ ಸಾಕು, ಲಾರಿಯವನ ಜೊತೆ ಜಗಳಕ್ಕೆ ಧಾರಾಳ. ಮಗುವಿಗೆ ಜ್ವರ ಬಂದು ಮೈ ಸುಡುತ್ತಿರುವಾಗ ಆಡಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಹಾಗಾಗಿ ಮಾತೇ ಕಡಿಮೆಯಾಯಿತು. ವಾ, ಉಕ್ಕಾರು, ಸಾಪ್ಪಿಡು: ಬಾ, ಕೂತುಕೋ, ಉಣ್ಣು. ದಿನಕ್ಕೆ ಈ ಮೂರು ಮಾತು ನೂರು ಸಲ. ಅವಳು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತು ಕಲಿಸಲು ಹೊರಟ ಮನೆ ಮೂಕರ ಮನೆಯಾಯಿತು.

ಅವಳು ಮಾತ್ರ ಬೆಳಗಾದರೆ ಕೊಟ್ಟಿಗೆಗೆ ಓಡಲು ಶುರುಮಾಡಿದಳು. ಹಗ್ಗಕ್ಕಾಗಿ, ಸಗಣಿಯ ವಾಸನೆಗಾಗಿ ಎಂದುಕೊಂಡೆ. ಕಸ ಬಾಚುವ ಹೊತ್ತಿಗೆ ಅತ್ತೆ ಹಸುಗಳ ಜೊತೆ ಮಾತಾಡುವುದು ನಮಗೆ ಹೊಸದಲ್ಲ. ದನ ಸಾಕುವವರೆಲ್ಲ ಮಾಡುವ ಕೆಲಸವೇ. ಎತ್ತಲೋ ನೋಡಿಕೊಂಡು, ಬೈದುಕೊಂಡು, ಮುದ್ದು ಮಾಡಿಕೊಂಡು ಮಾತಾಡುತ್ತಲೇ ಇರುತ್ತಾರೆ. ಹೆಚ್ಚಿನ ಮಾತೆಲ್ಲ ಕೆಂಪಿ ಎಂಬ ಮುದಿ ಹಸುವಿನ ಜೊತೆ.

ವರ್ಷ ತುಂಬುತ್ತಾ ಬಂದಾಗ, ಒಂದು ಬೆಳಿಗ್ಗೆ ಸಗಣಿ ಹೊರುವ ಮಂಕರಿ ಹುಡುಕಿಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ತಡಿಕೆಯ ಆಚೆ ಅತ್ತೆಯ ದನಿ.

"ಕೆಂಪೀ, ಬಾರವ್ವ ಇತ್ತಗ. ಕುಂತ್ಕ. ಅಲ್ಲಿ ಗಂಜ್ಲ ಅದ, ಈ ಕಡ ಕುಂತ್ಕ. ಹಾ. ಈಗ ನಿನ್ ಕೈ ತೋರ್ಸು ನೋಡಾವ."

ನಾನು ನಿಂತೆ. ಹಸುವಿಗೆ ಕೈ ಎಲ್ಲಿಂದ ಬಂತು?

ತಡಿಕೆಯ ಸಂದಿಯಿಂದ ನೋಡಿದೆ. ಅತ್ತೆ ಕೆಂಪಿಯ ಕಡೆ ಮುಖ ಮಾಡಿ, ನನ್ನ ಮಗಳಿಗೆ ಬೆನ್ನು ಹಾಕಿ ಕೂತಿದ್ದರು. ಮಗಳು ಅವರ ಬೆನ್ನ ಹಿಂದೆ, ಗಂಜಲ ಇಲ್ಲದ ಕಡೆ, ಕಾಲು ಮಡಚಿ ಕೂತಿದ್ದಳು. ಕೈ ಮುಂದೆ ಚಾಚಿದ್ದಳು. ಅತ್ತೆ ತಿರುಗಿ ನೋಡದೆ, ಕೈ ಹಿಂದಕ್ಕೆ ಮಾಡಿ, ಆ ಪುಟ್ಟ ಕೈಯನ್ನು ಸೆರಗಿನಲ್ಲಿ ಒರೆಸಿದರು. ನಾನು ಮುಟ್ಟಿದರೆ ಕಿರುಚುತ್ತಿದ್ದ ಮಗಳು ಸುಮ್ಮನೆ ಒರೆಸಿಕೊಂಡಳು. ಆಮೇಲೆ ಕೆಂಪಿಗೆ ರೊಟ್ಟಿ ತಿನ್ನಲು ಹೇಳಿದರು. ಮಗಳು ತಿಂದಳು.

ನಾನು ಒಳಗೆ ಹೋದೆ.

"ಅತ್ತೆ, ಹಸುವಿಗೆ ಕೈ ಇರುತ್ತಾ?"

ಅವರು ಬೆಚ್ಚಿಬಿದ್ದರು. ಆದರೆ ಸೋಲಲಿಲ್ಲ. "ನಮ್ ಕೆಂಪಿಗ ಅದ," ಎಂದರು. "ನಾನೇನ್ ಕೂಸ್ ಕುಟ್ಟ ಆಡ್ದನಾ? ಹಸ ಕುಟ್ಟ ಆಡ್ತಿವ್ನಿ. ಹಸ ಕುಟ್ಟ ಆಡ್ಬ್ಯಾಡ ಅಂತ ನಿಮ್ ಡಾಕ್ಟ್ರು ಹೇಳ್ನಿಲ್ವಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು. ನಾನು ಒಂದು ವರ್ಷ ನನ್ನ ಮಗಳ ಎದುರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಈ ಮುದುಕಿ ದಿನಾ ಬೆಳಿಗ್ಗೆ ಹಸುವನ್ನು ಮುಂದಿಟ್ಟುಕೊಂಡು ಅವಳನ್ನು ಸಾಕಿದ್ದರು. ಅಲ್ಲೇ ಸಗಣಿಯ ಮೇಲೆ ಕೂತು ಅವರ ಕಾಲು ಹಿಡಿದುಕೊಂಡೆ. "ಏಳವ್ವ, ಸೀರ ಕೆಟ್ಟೋಯ್ತದ," ಎಂದರು, ಅಷ್ಟೇ.

ಮುಂದಿನ ಸಲ ಊಟಿಗೆ ಹೋಗುವಾಗ ಅತ್ತೆಯನ್ನೂ ಹೊರಡಿಸಿದೆ. ಕನ್ನಡದಲ್ಲಿ ಮಾತಾಡಿದ್ದು ಗೊತ್ತಾದರೆ ಡಾಕ್ಟರು ಬರೆದುಕೊಡುವುದಿಲ್ಲ ಎಂದು ನನ್ನ ಗಂಡನಿಗೆ ಭಯ. ಬರೆದುಕೊಡದಿದ್ದರೆ ಇವಳು ಜೀವನಪೂರ್ತಿ ಮನೆಯೊಳಗೇ ಎಂಬುದು ನನಗೂ ಗೊತ್ತಿತ್ತು. ಆದರೂ ಗಂಡನಿಗೆ, ನೀವು ದನ ನೋಡಿಕೊಂಡು ಮನೆಯಲ್ಲೇ ಇರಿ ಎಂದೆ.

ಡಾಕ್ಟರು ಮತ್ತೆ ಅದೇ ಶುರುಮಾಡಿದರು. "ಇಂಗೆ ವಾಮ್ಮಾ. ಉಕ್ಕಾರು. ಕೈಯೆ ಕಾಟ್ಟು." ಮಗಳು ಕಿಟಕಿಯ ಹತ್ತಿರ ನಿಂತು ಹಗ್ಗ ತಿರುಗಿಸುತ್ತಿದ್ದಳು. ಎರಡು ನಿಮಿಷ ನೋಡಿ ಅವರು ಪೆನ್ನು ಕೈಗೆತ್ತಿಕೊಂಡರು.

"ಬರೆಯಬೇಡಿ," ಎಂದೆ. ತಮಿಳಿನಲ್ಲೇ ಹೇಳಿದೆ. ಜಗಳಕ್ಕೆ ನನ್ನ ತಮಿಳು ಧಾರಾಳ ಎಂದೆನಲ್ಲ.

ಅತ್ತೆಗೆ ಸನ್ನೆ ಮಾಡಿದೆ. ಅವರಿಗೆ ಇನ್ನೂ ಹೆದರಿಕೆ, ಇಲ್ಲವೇ ಅಭ್ಯಾಸ. ಮೊಮ್ಮಗಳ ಕಡೆ ತಿರುಗಲಿಲ್ಲ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಬೀರುವಿನ ಕಡೆ ಮುಖ ಮಾಡಿ ನೆಲದ ಮೇಲೆ ಕೂತು, "ಕೆಂಪೀ, ಬಾರವ್ವ ಇತ್ತಗ, ಕುಂತ್ಕ," ಎಂದರು.

ಮಗಳು ಕಿಟಕಿ ಬಿಟ್ಟು ಬಂದಳು. ಅಜ್ಜಿಯ ಬೆನ್ನ ಹಿಂದೆ ಕಾಲು ಮಡಚಿ ಕೂತಳು. ಕೈ ತೋರಿಸು ಎಂದಾಗ ತೋರಿಸಿದಳು.

ಕೆಂಪಿ ಯಾರು ಎಂದು ಡಾಕ್ಟರು ಕೇಳಿದರು. ಹಸು ಎಂದೆ. ಅವರ ಮುಖದಲ್ಲಿ ನಗು ಕಾಣಿಸಿತು. ಇದು ಅರ್ಥವಾದದ್ದಲ್ಲ, ದಿನಾ ಮಾಡಿ ಮಾಡಿ ರೂಢಿಯಾದದ್ದು ಎಂದರು.

"ಹಾಗಾದರೆ ರೂಢಿಯಲ್ಲದ್ದು ಏನಾದರೂ ನೀವೇ ಹೇಳಿ, ನಮ್ಮ ಅತ್ತೆ ಕೇಳುತ್ತಾರೆ," ಎಂದೆ.

ಅವರು ಸುತ್ತ ನೋಡಿ, ಬಾಗಿಲ ಪಕ್ಕ ಒದ್ದೆಯಾಗಿ ನಿಂತಿದ್ದ ತಮ್ಮ ಕೊಡೆ ತೋರಿಸಿದರು. ಕೊಟ್ಟಿಗೆಯಲ್ಲಿ ಕೊಡೆ ಎಲ್ಲಿಯದು? ಮಳೆ ಬಂದರೆ ಗೋಣಿಚೀಲ ಹೊದೆಯುವವರು ನಾವು.

"ಕೆಂಪೀ," ಎಂದರು ಅತ್ತೆ ಬೀರುವಿಗೆ, "ಬಾಗ್ಲತ್ರ ಕೊಡ ಅದ ನೋಡು. ಎತ್ಕಂಡ್ ಬಾರವ್ವ."

ಏನೂ ಆಗಲಿಲ್ಲ. ಹಗ್ಗ ತಿರುಗುತ್ತಲೇ ಇತ್ತು. ಡಾಕ್ಟರು ಗಡಿಯಾರ ನೋಡಿದರು. ಅತ್ತೆ ಇನ್ನೊಮ್ಮೆ ಕರೆಯಲು ಬಾಯಿ ತೆರೆದಾಗ ಬೇಡ ಎಂದು ಕೈ ಹಿಡಿದೆ. "ಕಾಯಿರಿ," ಎಂದೆ ಡಾಕ್ಟರಿಗೆ. "ನೀವು ಹೇಳಿದಿರಿ ಅಂತ ನಾವು ಒಂದು ವರ್ಷ ಕಾದಿದ್ದೇವೆ. ನೀವು ಐದು ನಿಮಿಷ ಕಾಯಿರಿ."

ಮಗಳು ಎದ್ದಳು. ಬಾಗಿಲವರೆಗೆ ಹೋದಳು, ನಿಂತಳು, ಕೊಡೆಯಿಂದ ಇಳಿಯುತ್ತಿದ್ದ ನೀರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅದನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಡಾಕ್ಟರ ಮುಖವನ್ನೂ ನೋಡದೆ, ನನ್ನ ಮುಖವನ್ನೂ ನೋಡದೆ, ಬೀರುವಿನ ಮುಂದೆ ಇಟ್ಟಳು. ಕೆಂಪಿ ಇರಬೇಕಾದ ಜಾಗ ಅದು ತಾನೆ.

ಡಾಕ್ಟರು ಬರೆದುಕೊಟ್ಟರು. ಆ ಶಾಲೆಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ, ಕಷ್ಟವಾಗುತ್ತದೆ ಎಂದೂ ಹೇಳಿದರು. ಕಲಿಯುತ್ತಾರೆ ಬಿಡಿ, ನಾನು ಕಲಿಸುತ್ತೇನೆ ಎಂದೆ. ಕಲಿಸಿದೆ ಕೂಡ. ಬಾ, ಕೂತ್ಕೊ, ನೀರು, ಊಟ, ಸಾಕು ಎಂದು ಹತ್ತಿಪ್ಪತ್ತು ಮಾತನ್ನು ತಮಿಳು ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಅಲ್ಲಿನ ಆಯಾಗೆ ಕೊಟ್ಟೆ. ಎರಡು ವಾರದಲ್ಲಿ ಆಯಾ ಕಲಿತಳು. ನನ್ನ ಮಗಳು ತಮಿಳು ಕಲಿಯಲು ಮೂರು ವರ್ಷ ತೆಗೆದುಕೊಂಡಳು. ಈಗ ಎರಡೂ ಅರ್ಥವಾಗುತ್ತವೆ. ಯಾವುದನ್ನೂ ಆಡುವುದಿಲ್ಲ. ಆಡದಿದ್ದರೆ ಬೇಡ.

ಅವತ್ತು ಎದ್ದು ಬರುವ ಮೊದಲು ಹಳೆಯ ಅರ್ಜಿ ಕೊಡಿ ಎಂದು ಕೇಳಿದೆ. ಮಾತೃಭಾಷೆಯ ಜಾಗದಲ್ಲಿದ್ದ ನನ್ನ ಅಕ್ಷರವನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, ಕನ್ನಡ ಎಂದು ಕನ್ನಡದಲ್ಲೇ ಬರೆದೆ. ಆ ಕಚೇರಿಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಇಳಿಯುವ ಬಸ್ಸಿನಲ್ಲಿ ಅತ್ತೆ ಮೊಮ್ಮಗಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡರು. ಒಂದು ವರ್ಷದಲ್ಲಿ ಮೊದಲ ಸಲ ಅವಳ ಕಡೆ ಮುಖ ಮಾಡಿ, ಅವಳದೇ ಹೆಸರು ಹಿಡಿದು ಕರೆದರು. ಆಮೇಲೆ ನಿಲ್ಲಿಸಲಿಲ್ಲ. ಯಾವ ಹಸು ಈದದ್ದು, ಆನೆ ಬಂದು ಬೇಲಿ ಮುರಿದದ್ದು, ಹೋದ ಬೇಸಿಗೆಯಲ್ಲಿ ಬಾವಿ ಬತ್ತಿದ್ದು, ಒಂದು ವರ್ಷದ ಬಾಕಿ ಮಾತೆಲ್ಲ ಒಂದೊಂದೇ ತಿರುವಿಗೆ ಗಟ್ಟಿಯಾಗಿ ಹೇಳುತ್ತಾ ಹೋದರು. ಮಗಳು ಹೊರಗೆ ನೋಡುತ್ತಾ ಹಗ್ಗ ತಿರುಗಿಸುತ್ತಿದ್ದಳು. ಅವಳ ಮುಖದ ಮೇಲೆ ಶಾಲು ಇರಲಿಲ್ಲ.

ಮುಂದಿನ ಸೀಟಿನಿಂದ ಒಬ್ಬರು ತಿರುಗಿ ನೋಡಿ, ನೋಡಿ, ಕೊನೆಗೆ ತಮಿಳಿನಲ್ಲಿ ನನ್ನನ್ನು ಕೇಳಿದರು: ಆ ಮಗು ತಿರುಗಿಯೂ ನೋಡುತ್ತಿಲ್ಲ, ಈ ಅಜ್ಜಿ ಯಾರ ಹತ್ತಿರ ಮಾತಾಡುತ್ತಿದ್ದಾರೆ?

ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

"ನನ್ನ ಮಗಳ ಹತ್ತಿರ. ಅವಳು ಕೇಳಿಸಿಕೊಳ್ತಿದ್ದಾಳೆ."