ಉಣ್ಣೂಲಿಯ ಹನ್ನೆರಡನೇ ಮನೆ

ನೀಲೇಶ್ವರದ ಹೊಳೆದಂಡೆಯಲ್ಲಿ ಕಳೆದುಹೋದ ಎಮ್ಮೆಯಿಂದ ಹಿಡಿದು ಕೂಡಿಬಾರದ ಮದುವೆಯವರೆಗೆ ಯಾವ ತೊಡಕಿಗೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಉಣ್ಣೂಲಿಯ ಜಗಲಿಗೆ. ಅಪ್ಪ ಅಂಬು ಪಣಿಕ್ಕರಿಗೆ ಗಂಡುಮಕ್ಕಳಿರಲಿಲ್ಲ. ಕವಡೆ ಹಾಕಿ ಭವಿಷ್ಯ ಹೇಳುವ ವಿದ್ಯೆಯನ್ನೆಲ್ಲ ಮಗಳಿಗೇ ಧಾರೆ ಎರೆದು ಹೋಗಿದ್ದರು.

ಅವಳು ಹುಟ್ಟಿದ್ದು ಮಕರ ಮಾಸದ ಅಮಾವಾಸ್ಯೆಯಂದು. ಬಲಗಣ್ಣಿಗೆ ಒಡೆಯ ಸೂರ್ಯ, ಎಡಗಣ್ಣಿಗೆ ಚಂದ್ರ. ಇಬ್ಬರೂ ಅವಳ ಜಾತಕದ ಹನ್ನೆರಡನೇ ಮನೆಯಲ್ಲಿ, ಕಳೆದುಕೊಳ್ಳುವ ಮನೆಯಲ್ಲಿ, ಶನಿಯ ಜೊತೆ ಕೂತಿದ್ದರು. "ವಯಸ್ಸಾದ ಮೇಲೆ ನಿನ್ನ ಕಣ್ಣು ಕತ್ತಲಾಗ್ತದೆ ಮಗಳೇ" ಎಂದು ಅಪ್ಪ ಚಿಕ್ಕಂದಿನಲ್ಲೇ ಹೇಳಿದ್ದರು. ಈಗ ಅರವತ್ತರ ಹೊಸ್ತಿಲಲ್ಲಿ ಅದು ನಿಜವಾಗುತ್ತ ಬಂದಿತ್ತು. ಮೊನ್ನೆ ಅಂಗಳಕ್ಕೆ ಬಂದ ಅಂಚೆಯವನನ್ನು ಬಾಳೆಗಿಡವೆಂದುಕೊಂಡು ಮಾತಾಡಿಸದೆ ಬಿಟ್ಟಿದ್ದಳು.

ಶಾಲೆಯಲ್ಲಿ ಕಣ್ಣಿನ ಶಿಬಿರ ಇದೆಯೆಂಬ ಸುದ್ದಿ ತಂದವಳು ಪಕ್ಕದ ಮನೆಯ ಚೀರು. ಬೀಡಿ ಕಟ್ಟಿ ಬದುಕುವ ಹೆಂಗಸು, ಉಣ್ಣೂಲಿಯನ್ನು ಅಕ್ಕ ಎಂಬರ್ಥದಲ್ಲಿ ಚೇಚಿ ಎಂದೇ ಕರೆಯುವವಳು. ಕೈಯಷ್ಟೇ ಚುರುಕು ಬಾಯಿ.

"ಪೊರೆ ತೆಗೀತಾರಂತೆ ಚೇಚಿ. ನಡಿ, ಹೋಗಿ ಬರುವ."

"ಅಪ್ಪ ಹೇಳಿದ್ದು ಇವತ್ತಿನವರೆಗೆ ಒಂದೂ ಸುಳ್ಳಾಗ್ಲಿಲ್ಲ. ಇದೊಂದನ್ನ ನಾನೇ ಸುಳ್ಳು ಮಾಡ್ಲಾ?"

"ಹಾಗಾದ್ರೆ ದಾರಿ ಕಾಣದೆ ಬಾವಿಗೆ ಬೀಳು. ಅಪ್ಪನ ಹೆಸರು ಉಳೀಲಿ. ಅಲ್ಲ, ಊರಿಗೆಲ್ಲ ಹೇಳುವ ನಿನ್ನ ಕವಡೆಯನ್ನೇ ಒಂದು ಮಾತು ಕೇಳ್ಬಾರದಾ?"

"ನಮಗೆ ನಾವೇ ಹಾಕ್ಕೊಳ್ಳೋ ಹಾಗಿಲ್ಲ. ಮನೆತನದ ಕಟ್ಟಳೆ."

ಚೀರು ಮೂಗು ಮುರಿದು ಎದ್ದುಹೋದಳು.

ಮರುದಿನ ಬೆಳಗ್ಗೆ ಅವಳೇ ಮಿಂದು, ಮಡಿಯುಟ್ಟು, ವೀಳ್ಯದೆಲೆ ಹಿಡಿದು ಬಂದು ದೀಪದ ಮುಂದೆ ಕೂತಳು.

"ಪ್ರಶ್ನೆ ಇಡ್ಬೇಕು."

"ಯಾರದ್ದು?"

"ಒಬ್ಬ ಹೆಂಗಸಿನದ್ದು. ನಾನು ಬರೀ ದೂತಿ."

"ಏನಂತೆ ಅವಳಿಗೆ?"

"ಕಣ್ಣು ಮಂಜು. ಅದಕ್ಕಿಂತ ಹೆಚ್ಚು ಹಠ."

ಉಣ್ಣೂಲಿಯ ಕೈ ತಡೆಯಿತು. ಅರ್ಥವಾಗದಷ್ಟು ದಡ್ಡಿಯಲ್ಲ ಅವಳು. ಆದರೆ ವೀಳ್ಯ ಹಿಡಿದು ಬಂದ ದೂತಿಯನ್ನು ಹಾಗೇ ಎಬ್ಬಿಸಿ ಕಳಿಸುವಂತಿಲ್ಲ. ಕವಡೆ ತೋರಿಸಿದ್ದನ್ನು ಮುಚ್ಚಿಡುವಂತಿಲ್ಲ. ಪರಿಹಾರ ಹೇಳದೆ ಮಾತು ಮುಗಿಸುವಂತಿಲ್ಲ. ಅಪ್ಪ ಕಲಿಸಿದ ಮೊದಲ ಪಾಠವೇ ಅದು.

ಬೆರಳಿನಿಂದಲೇ ತಡವಿ ಕವಡೆ ಎಣಿಸಿದಳು. ಲೆಕ್ಕ ಕುಂಭಕ್ಕೆ ಬಂದು ನಿಂತಿತು. ಅವಳದೇ ಲಗ್ನ. ಅದರ ಹನ್ನೆರಡನೇ ಮನೆ ಮಕರ. ಗುರು ಎಲ್ಲಿದ್ದಾನೆಂದು ಮನಸ್ಸಿನಲ್ಲೇ ನೋಡಿದಳು. ಈ ವರ್ಷ ಕರ್ಕಾಟಕದಲ್ಲಿ ಉಚ್ಚನಾಗಿ ಕೂತು ನೇರ ಮಕರವನ್ನೇ ನೋಡುತ್ತಿದ್ದ. ಅವಳ ಜಾತಕದಲ್ಲಿ ಆ ಮನೆಗೆ ಇಲ್ಲದಿದ್ದ ದೃಷ್ಟಿ ಅದು.

ಕಣ್ಣು ಕತ್ತಲಾಗುತ್ತದೆ ಎಂದಿದ್ದರು ಅಪ್ಪ. ಕತ್ತಲಾಗಿತ್ತು. ಕತ್ತಲಾಗಿಯೇ ಇರಲಿ ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಆ ಬಾಲವನ್ನು ಇಷ್ಟು ವರ್ಷ ಅಂಟಿಸಿಕೊಂಡು ಬಂದವಳು ತಾನೇ.

ಗಂಟಲು ಸರಿಮಾಡಿಕೊಂಡು, ಊರವರಿಗೆ ಹೇಳುವ ದನಿಯಲ್ಲೇ ಹೇಳಿದಳು: "ಮಂಜಾಗ್ಬೇಕು ಅಂತ ಇತ್ತು, ಆಯ್ತು. ಈಗ ಗುರು ನೋಡ್ತಾ ಇದ್ದಾನೆ. ಅವನು ಕರ್ಕಾಟಕ ಬಿಡುವ ಮೊದಲು ವೈದ್ಯರ ಕೈಗೆ ಕಣ್ಣು ಕೊಡ್ಬೇಕು. ಭಾನುವಾರ ಸೂರ್ಯನಿಗೆ ನೀರು ಬಿಡ್ಬೇಕು."

"ಎರಡೂ ಮಾಡ್ಬೇಕಾ?"

"ಎರಡೂ. ದೂತಿ ದಾರಿಯಲ್ಲಿ ಎಲ್ಲೂ ಕೂರಬಾರದು. ನೇರ ಹೋಗಿ ಹೇಳ್ಬೇಕು."

ಚೀರು ಎದ್ದು ಬೇಲಿಯ ಬಾಗಿಲವರೆಗೆ ನಡೆದಳು. ಅಲ್ಲಿಂದಲೇ ತಿರುಗಿ ಬಂದು ಅಂಗಳದಲ್ಲಿ ನಿಂತಳು.

"ಉಣ್ಣೂಲಿಯಮ್ಮ ಇದ್ದೀರಾ? ಕವಡೆ ಹಾಕುವ ಪಣಿಕ್ಕತ್ತಿ ಹೇಳಿ ಕಳಿಸಿದ್ದಾರೆ."

"ಏನಂತೆ?"

ಚೀರು ಒಂದಕ್ಷರ ತಪ್ಪದಂತೆ ಒಪ್ಪಿಸಿದಳು. ಕೊನೆಗೆ, "ಆ ಪಣಿಕ್ಕತ್ತಿ ಸುಳ್ಳು ಹೇಳೋಳಲ್ಲ" ಎಂದು ಸೇರಿಸಿದಳು.

"ಗೊತ್ತು. ಅವಳು ಕಳಿಸಿದ ದೂತಿಯದ್ದೇ ಬಾಯಿ ಜಾಸ್ತಿ" ಎಂದ ಉಣ್ಣೂಲಿ ಕವಡೆಗಳನ್ನು ಚೀಲಕ್ಕೆ ತುಂಬಿದಳು. "ಶಿಬಿರ ಎಷ್ಟು ಗಂಟೆಗೆ?"

ಮಕರ ಮಾಸ ಬರುವಷ್ಟರಲ್ಲಿ ಅವಳ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಕೂತಿತ್ತು. ಸಂಜೆ ದೀಪವಿಟ್ಟು ಅಂಗಳಕ್ಕೆ ಬಂದು ಕತ್ತೆತ್ತಿದಳು. ಎಷ್ಟೋ ವರ್ಷಗಳಿಂದ ಸುಣ್ಣ ಒರೆಸಿದಂತೆ ಕಾಣುತ್ತಿದ್ದ ಕೃತ್ತಿಕೆಯ ಗುಂಪು ಬಿಡಿಬಿಡಿಯಾಗಿ ಮಿನುಗುತ್ತಿತ್ತು.

"ಎಷ್ಟು ಕಾಣ್ತದೆ ಚೇಚಿ?" ಎಂದಳು ಬೇಲಿಯಾಚೆಯಿಂದ ಚೀರು.

"ಸುಮ್ನಿರು ಮಾರಾಯ್ತಿ, ಲೆಕ್ಕ ತಪ್ಪಿಸ್ಬೇಡ. ಎಣಿಸ್ತಾ ಇದ್ದೇನೆ."