ಬೇಜಾರು ಯಾರ ಮೇಲೆ?

ಭಾವನ ಕಾಯಿಲೆಗೆ ಹೆಸರಿಟ್ಟವಳು ನಮ್ಮಕ್ಕ. ಇಟ್ಟ ಹೆಸರು ತಪ್ಪಾಯಿತು. ಆ ತಪ್ಪಿನಿಂದಾಗಿ ಅರ್ಧ ಓಣಿಯೇ ನಮ್ಮ ಜಗಲಿಗೆ ಬಂದು ತಪ್ಪೊಪ್ಪಿಕೊಂಡಿತು. ನೆನೆದರೆ ಈಗಲೂ ನಗು ಬರುತ್ತದೆ, ನಕ್ಕಮೇಲೆ ಸಂಕಟವಾಗುತ್ತದೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸೊರಬದ ಕಡೆ ಕುಪ್ಪಗಡ್ಡೆಯವಳು. ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿ ಅಕ್ಕನ ಮನೆಯಲ್ಲೇ ಇದ್ದೆ. ಭಾವ ಕಾಳುಕಡ್ಡಿ ವ್ಯಾಪಾರದವರು, ನಮ್ಮ ಓಣಿಯಿಂದ ಪುರಸಭೆಗೆ ಆರಿಸಿಬಂದ ಮೆಂಬರು. ಅವರು ಮುಖ ತೊಳೆಯುವ ಮೊದಲೇ ಜಗಲಿಯ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. ಒಬ್ಬರದು ಚರಂಡಿ, ಒಬ್ಬರದು ಬೀದಿದೀಪ, ಇನ್ನೊಬ್ಬರದು ಸೊಸೆಯ ಜಗಳ. ಸೊಸೆಯ ಜಗಳ ಪುರಸಭೆಗೆ ಸೇರಿದ್ದಲ್ಲ ಅನ್ನಲು ಭಾವನಿಗೆ ಬಾಯಿ ಬರುತ್ತಿರಲಿಲ್ಲ.

ಅಂಥ ಮನುಷ್ಯ ಒಂದು ಬೇಸಗೆಯಲ್ಲಿ ಮಾತು ಕಡಿಮೆ ಮಾಡಿದರು. ಆಮೇಲೆ ಊಟ. ಆಮೇಲೆ ಕ್ಷೌರ. ಕೊನೆಗೆ ಮಂಚದಿಂದ ಏಳುವುದನ್ನೇ ಬಿಟ್ಟರು. ಶಿವಮೊಗ್ಗದಿಂದ ಬಂದ ಡಾಕ್ಟರು ತಾಸುಗಟ್ಟಲೆ ಕೂತು ನೋಡಿದರು. "ಮನಸ್ಸು ಕಾಯಿಲೆ ಬಿದ್ದಿದೆಯಮ್ಮ. ವಾಸಿಯಾಗುತ್ತೆ, ಆದರೆ ನಿಧಾನ. ಒಬ್ಬರನ್ನೇ ಬಿಡಬೇಡಿ" ಅಂದು ಹಿತ್ತಲ ಬಾವಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಅಂದೇ ಬಾವಿಗೆ ಹಲಗೆ ಮುಚ್ಚಿಸಿ, ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಒಂದು ಕೊಡ ನೀರು ಬೇಕಾದರೂ ಅವಳೇ ಹೋಗಬೇಕು.

ಜನರಿಗೆ ಏನು ಹೇಳುವುದು? ಹಿಂದೊಮ್ಮೆ ಇನ್ನೊಬ್ಬ ಮೆಂಬರಿಗೆ ಕ್ಷಯವಾದಾಗ ಊರೇ ಹರಕೆ ಹೊತ್ತಿತ್ತು. ಮನೆ ಮನೆಯಿಂದ ಹಾಲು, ಹಣ್ಣು ಹೋಗಿತ್ತು. ನಿಮಗೇನು ಕಡಿಮೆಯಾಗಿ ಕ್ಷಯ ಬಂತು ಎಂದು ಅವರನ್ನು ಒಬ್ಬರೂ ಕೇಳಿರಲಿಲ್ಲ. ಮನಸ್ಸಿನ ಕಾಯಿಲೆ ಅಂದರೆ ಮಾತ್ರ ಒಂದೇ ಅರ್ಥ, ಹುಚ್ಚು. ಊರ ದೇವರನ್ನು ಹುಚ್ಚರಾಯ ಎಂದು ಕರೆದು ಕೈಮುಗಿಯುವ, ಮಕ್ಕಳಿಗೆ ಹುಚ್ಚಪ್ಪ ಎಂದು ಹೆಸರಿಟ್ಟು ಮುದ್ದಿಸುವ ಊರದು. ಆದರೂ ಅದೇ ಮಾತು ಒಂದು ಮನೆಯ ಮೇಲೆ ಬಿದ್ದರೆ ಆ ಮನೆಯ ಹೆಣ್ಣು ಕೇಳಲು ಯಾರೂ ಬರುವುದಿಲ್ಲ. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ಬಾಗಿಲಲ್ಲಿ ನಿಂತು ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು: "ಅವರಿಗೆ ಬೇಜಾರಾಗಿದೆ. ಈಗ ಯಾರನ್ನೂ ನೋಡಲ್ಲ."

ಸುಳ್ಳೇನಲ್ಲ. ಆದರೆ ನಮ್ಮ ಭಾಷೆಯಲ್ಲಿ ಬೇಜಾರು ಅಂದರೆ ಮನಸ್ಸು ಸರಿಯಿಲ್ಲದ್ದೂ ಹೌದು, ಒಬ್ಬರ ಮೇಲೆ ಮುನಿಸಿಕೊಂಡದ್ದೂ ಹೌದು. ಓಣಿಯವರು ಎರಡನೆಯದನ್ನೇ ಹಿಡಿದರು. ಮೆಂಬರಿಗೆ ಬೇಜಾರಾಗಿದೆ ಅಂದಮೇಲೆ ನಮ್ಮ ಮೇಲೆಯೇ!

ಮೊದಲು ಬಂದವನು ಗಾಣದವನು. ಕಿಟಕಿಯ ಹತ್ತಿರ ನಿಂತು, "ಸಾವ್ಕಾರ್ರೇ, ನಲ್ಲಿ ನಿಮ್ ನೆಂಟ್ರ ಮನಿ ಮುಂದೆ ಹಾಕ್ಸಿದ್ರಿ ಅಂತ ಹೇಳ್ಕೊಂಡು ತಿರುಗ್ದೋನು ನಾನೇ ರೀ. ತಪ್ಪಾತು. ಬೇಜಾರು ಮಾಡ್ಕೋಬ್ಯಾಡ್ರಿ" ಅಂದ. ಕೆಳಗಿನ ಓಣಿಯವರು ಬಾಳೆಗೊನೆ ಹೊತ್ತು ಬಂದರು. ತಮ್ಮ ಮನೆಯ ಮದುವೆಯಲ್ಲಿ ಭಾವನನ್ನು ಮೊದಲ ಪಂಕ್ತಿಗೆ ಕೂರಿಸಿರಲಿಲ್ಲವಂತೆ. ಒಬ್ಬನಂತೂ ತಾನು ಓಟು ಹಾಕಿರಲಿಲ್ಲ ಎಂದು ಗಳಗಳ ಅತ್ತ. ಕುಂಬಳಕಾಯಿ ಕಳ್ಳ ಅಂದರೆ ಓಣಿಯೆಲ್ಲ ಹೆಗಲು ಮುಟ್ಟಿ ನೋಡಿಕೊಂಡಿತು. ನಾನು ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಭಾವ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ನಾನು ಕೋಪಿಷ್ಠೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ: "ಏನು ಕಡಿಮೆಯಾಗಿದೆ ಭಾವ ನಿಮಗೆ? ಇಷ್ಟು ಜನ ಬಂದು ಬೇಡ್ಕೊಳ್ತಿದ್ದಾರೆ!"

"ಏನೂ ಕಡಿಮೆಯಾಗಿಲ್ಲಮ್ಮ. ಅದಕ್ಕೇ ನಾಚಿಕೆ" ಅಂದರು. ಹಾಗೆ ಕೇಳಿದ್ದಕ್ಕೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಚುನಾವಣೆಯಲ್ಲಿ ಭಾವನೆದುರು ಸೋತಿದ್ದವನು ಹೋಟೆಲಿನಲ್ಲಿ, "ಬೇಜಾರೂ ಇಲ್ಲ, ಮಣ್ಣೂ ಇಲ್ಲ. ತಲಿ ಕೆಟ್ಟೈತಿ" ಅಂದನಂತೆ. ಎರಡೇ ದಿನದಲ್ಲಿ ಜಗಲಿ ಖಾಲಿಯಾಯಿತು. ಬಾಳೆಗೊನೆ ತಂದವರೇ ಮಕ್ಕಳ ಕೈ ಹಿಡಿದು ಆಚೆ ಬದಿಯಿಂದ ಹೋಗತೊಡಗಿದರು. ಸುದ್ದಿ ಆನವಟ್ಟಿ ದಾಟಿ ನಮ್ಮೂರಿಗೂ ಮುಟ್ಟಿತು. ಅಲ್ಲಿದ್ದ ನಮ್ಮಣ್ಣ ಬಸ್ಸು ಹತ್ತಿ ಬಂದ. ಯಾರ ಹತ್ತಿರವೋ ಪುರಸಭೆಗೆ ಭಾವನ ರಾಜೀನಾಮೆ ಬರೆಸಿ ತಂದಿದ್ದ.

"ಒಂದು ಸಹಿ ಹಾಕ್ಬಿಡಿ ಭಾವ. ಕುಪ್ಪಗಡ್ಡೆಗೆ ಹೋಗನ. ಅಲ್ಲಿ ನಿಮ್ಮನ್ನ ಯಾರೂ ಏನೂ ಕೇಳಲ್ಲ."

ಅವನದು ಒಳ್ಳೆಯ ಮನಸ್ಸೇ. ಆದರೆ ಭಾವ ತಕ್ಷಣ ಎದ್ದು ಕೂತು ಪೆನ್ನಿಗೆ ಕೈ ಚಾಚಿದ ರೀತಿ ನನಗೆ ಭಯ ಹುಟ್ಟಿಸಿತು. ಬೇಡದ ವಸ್ತುಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಬಂದವರಿಗೆ ಇದಾದಮೇಲೆ ಬಿಡಲು ಜೀವವೊಂದೇ ಉಳಿದ ಹಾಗಿತ್ತು. ಎದ್ದು ಹೊರಗೆ ಬಂದೆ.

ಜಗಲಿಯ ಮೇಲೆ ಮಂಡಕ್ಕಿ ಮಾರುವ ಮುದುಕಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಯಾರು ಬರುವುದು ಬಿಟ್ಟರೂ ಅವಳೊಬ್ಬಳು ಬಿಟ್ಟಿರಲಿಲ್ಲ. "ಅಕ್ಕೋರೇ, ಬೇಜಾರು ನನ್ ಮ್ಯಾಲೇನ್ರೀ? ದೀಪದ ಕಂಬಕ್ಕೆ ಭಾಳ ಕಾಡಿದ್ದೆ" ಅಂದಳು.

ನಾನು ಅಕ್ಕನ ಮಾತು ಮುರಿದೆ. "ಯಾರ ಮೇಲೂ ಅಲ್ಲಜ್ಜಿ. ಅವರಿಗೆ ಬದುಕೋದೇ ಬೇಡವಾಗಿದೆ."

ಮುದುಕಿ ಬುಟ್ಟಿಯನ್ನು ಬದಿಗೆ ಸರಿಸಿದಳು. "ನನ್ ಗಂಡಂಗೂ ಹಿಂಗೇ ಆಗಿತ್ತು. ಮೈಗಳ್ಳ ಅಂತ ಬೈದೆ. ಒಂದಿನ ಕೆರಿ ಕಡಿಗೆ ಹೋದ, ಬರ್ಲಿಲ್ಲ" ಅಂದಳು. ಎದ್ದು ಸೀದಾ ಕಿಟಕಿಗೆ ಹೋಗಿ ಸರಳು ಹಿಡಿದುಕೊಂಡಳು.

"ತಮ್ಮಾ, ನಾನು ನಿನಗೆ ಓಟು ಹಾಕೀನಿ. ಒಂದು ದಿನಕ್ಕಲ್ಲ, ಮುಂದಿನ ಎಲೆಕ್ಷನ್ ತನಕ ಹಾಕೀನಿ. ನೀ ದೀಪ ಹಾಕ್ಸಬ್ಯಾಡ, ಮೀಟಿಂಗಿಗೆ ಹೋಗಬ್ಯಾಡ. ಅಲ್ಲೀ ತನಕ ಇರು. ಇದ್ರೆ ಸಾಕು."

ಭಾವ ಅವಳನ್ನೇ ನೋಡಿದರು. ಪೆನ್ನು ಕೈಯಲ್ಲೇ ಇತ್ತು. ಸಹಿ ಹಾಕಲಿಲ್ಲ. ಅಣ್ಣ ಕಾಗದ ಮಡಚಿಕೊಂಡು ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ಭಾವ ಅಂದಿನಿಂದಲೇ ಗುಣವಾದರು ಅಂದರೆ ಸುಳ್ಳಾಗುತ್ತದೆ. ಡಾಕ್ಟರು ಹೇಳಿದ ಹಾಗೆ ನಿಧಾನವಾಗಿಯೇ, ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮಾತ್ರೆ ನುಂಗಿದರು, ಅಂಗಡಿಗೆ ಹೋದರು, ಪುರಸಭೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ಬಂದರು. ಮುದುಕಿಯ ಮನೆ ಮುಂದೆ ಕಂಬವೂ ಬಂತು. ಅಕ್ಕ ಮಾತ್ರ ಕೀಲಿಯನ್ನು ಸೆರಗಿನಿಂದ ಬಿಚ್ಚಲಿಲ್ಲ.

ಮುಂದಿನ ಚುನಾವಣೆಗೆ ಭಾವ ಮತ್ತೆ ನಿಂತರು. ಈ ಸಲ ಓಣಿಯವರು ಬಹಳ ಒಳ್ಳೆಯವರಾಗಿದ್ದರು. ನಿಲ್ಲಿಸಿ ಆರೋಗ್ಯ ವಿಚಾರಿಸಿದರು, ಎಳನೀರು ಕೊಟ್ಟರು. "ಪಾಪ, ಯಾಕೆ ತ್ರಾಸು ಕೊಡೋದು, ಆರಾಮಾಗಿರ್ಲಿ" ಎಂದು ಮಾತಾಡಿಕೊಂಡು ಓಟನ್ನು ಬೇರೆಯವನಿಗೆ ಹಾಕಿದರು. ಹಿಂದೆ ಹೆದರಿ ದೂರವಾದವರು ಈಗ ಕನಿಕರದಿಂದ ಸೋಲಿಸಿದರು. ಅವರ ಮೇಲೆ ಸಿಟ್ಟು ಮಾಡಲೂ ನನಗಾಗಲಿಲ್ಲ.

ಸೋತ ಸುದ್ದಿ ತಿಳಿದಾಗ ಅಕ್ಕನ ಮುಖ ಬಿಳಿಚಿಕೊಂಡಿತು. ಅವಳಿಗೆ ಸೋಲಿನ ಚಿಂತೆಯಿರಲಿಲ್ಲ. ಮುದುಕಿ ಕೊಟ್ಟ ಗಡುವು ಅಂದಿಗೆ ಮುಗಿದಿತ್ತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಆದರೆ ದಿನ ಎಣಿಸುತ್ತ ಬಂದಿದ್ದೆವು. ಭಾವ ಜಗಲಿಯ ಮೇಲೆ ಚಪ್ಪಲಿ ಕೂಡ ಬಿಡದೆ ಕೂತಿದ್ದರು.

ಸಂಜೆ ಮುದುಕಿ ಬಂದಳು.

"ಸೋತ್ಯಂತಲ್ಲೋ ತಮ್ಮಾ."

"ಹೂಂ ಅಜ್ಜಿ. ನೀನು ಹೇಳಿದಷ್ಟು ದಿನ ಇದ್ದೆ. ಮುಗೀತಲ್ಲ."

"ಯಾರಂದ್ರು ಮುಗೀತು ಅಂತ? ಗೆಲ್ಸೋದು ಸೋಲ್ಸೋದು ಅವ್ರಿಗೆ ಬಿಟ್ಟಿದ್ದು. ನಾನು ಈ ಸಲನೂ ನಿನಗೇ ಹಾಕೀನಿ" ಅಂದಳು. ಸೆರಗಿನಲ್ಲಿ ತಂದಿದ್ದ ಮಂಡಕ್ಕಿಯನ್ನು ಅವರ ಮಡಿಲಿಗೆ ಸುರಿದಳು. "ಇನ್ನೊಂದು ಎಲೆಕ್ಷನ್ ತನಕ ಇರ್ಬೇಕು, ನೋಡು."

ಭಾವ ನಕ್ಕರು. ನಗುತ್ತ ನಗುತ್ತ ಅತ್ತುಬಿಟ್ಟರು. ಅಳುತ್ತಲೇ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡರು.

ಮಾರನೆಯ ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು, "ಕೀಲಿ ಕೊಡು. ಸ್ನಾನಕ್ಕೆ ನೀರು ನಾನೇ ಸೇದ್ಕೊಳ್ತೀನಿ" ಅಂದರು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಅವರ ಕೈಯಲ್ಲಿಟ್ಟಳು. ಹಿತ್ತಲಲ್ಲಿ ರಾಟೆಯ ಸದ್ದು ಕೇಳಿಸಿತು. ಕೊಡ ಮೇಲೆ ಬಂದು ಕಟ್ಟೆಗೆ ತಾಗುವವರೆಗೆ ನಾವಿಬ್ಬರೂ ಒಲೆಯ ಮುಂದೆ ಹಾಗೆಯೇ ನಿಂತಿದ್ದೆವು.