ಚಳಿಯಲ್ಲಿ ಮಲಗಿದ ಕೂಸುಗಳು

ಮೆಲ್ಬರ್ನಿನಿಂದ ತಮ್ಮನ ಸಂಸಾರದ ಜೊತೆ ಐಸ್‌ಲ್ಯಾಂಡಿಗೆ ಬಂದಿದ್ದೇನೆ. ಇಲ್ಲಿ ನೆಲದಿಂದ ಹಬೆ ಏಳುತ್ತದೆ, ಗಾಳಿ ಮಾತ್ರ ಕೊರೆಯುತ್ತದೆ. ತಮ್ಮನೂ ಅವನ ಹೆಂಡತಿಯೂ ಬಿಸಿನೀರಿನ ಕೊಳಕ್ಕೆ ಹೋಗುವಾಗ ಪಾಪುವನ್ನು ನನಗೆ ಒಪ್ಪಿಸಿದರು. ಕೊಳದ ಪಕ್ಕದ ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಗಳಲ್ಲಿ ಕೂಸುಗಳು ಮಲಗಿದ್ದವು, ತಾಯಂದಿರು ಒಳಗಿದ್ದರು. ಚಳಿಗಾಳಿಯಲ್ಲಿ ಮಲಗಿಸಿದರೆ ಮಕ್ಕಳು ಗಟ್ಟಿಯಾಗುತ್ತಾರಂತೆ. ನಾನೂ ನಿದ್ದೆಹೋಗಿದ್ದ ಪಾಪುವಿನ ಕುಲಾವಿ ಬಿಗಿದು, ಗಾಡಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

ತಮ್ಮ ಒದ್ದೆ ತಲೆಯಲ್ಲೇ ಓಡಿಬಂದ. "ಅಕ್ಕಾ, ತಲೆ ಸರಿ ಇದ್ಯಾ ನಿಂಗೆ? ಪಾಪುನ ಹೊರಗೆ ಬಿಟ್ಟಿದ್ದೀಯಲ್ಲ!"

"ಎಲ್ರೂ ಬಿಟ್ಟಿದ್ದಾರಲ್ಲೋ."

"ಅವು ಇಲ್ಲೇ ಹುಟ್ಟಿದ ಮಕ್ಳು. ನಮ್ದು ಮೆಲ್ಬರ್ನ್ ಪಾಪು!"

ಪಾಪು ಕೆಂಪು ಮೂಗಿನಲ್ಲಿ ಸುಖವಾಗಿ ನಿದ್ರಿಸುತ್ತಿತ್ತು. ಪಕ್ಕದ ಕೂಸುಗಳೂ ಅಷ್ಟೇ. ಅವುಗಳ ತಾಯಂದಿರನ್ನು ಯಾರೂ ಬೈಯಲಿಲ್ಲ. ನನ್ನದು ತಪ್ಪೇ? ತಿಳಿಯುತ್ತಿಲ್ಲ. ಅವರು ಮಗುವಿಗೆ ಒಳ್ಳೆಯದೆಂದು ಬಿಟ್ಟಿದ್ದರು. ನಾನು ನನಗೆ ಚಳಿಯಾಯಿತೆಂದು ಬಿಟ್ಟು ಒಳಗೆ ಹೋಗಿದ್ದೆ. ತಮ್ಮನಿಗೆ ಅದನ್ನು ಹೇಳಲಿಲ್ಲ.